‘ಸೆ’, ‘ಇಂದ’ ಮತ್ತು ನನ್ನ ಇಂಗ್ಲಿಷ್

ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ ಸೇರಬೇಕಾದರೆ ಸಿಯುಇಟಿ ಬರೆಯಬೇಕು. “ಅಷ್ಟು ದೂರ ಯಾಕೆ? ರಾಮಮೂರ್ತಿ ನಗರದ ಹತ್ತಿರವೇ ಬಿ.ಕಾಂ. ಸಿಗುತ್ತದಲ್ಲ” ಎಂದರು ಅಬ್ಬಾ. ಒಳ್ಳೆಯ ಅಂಕ ಬಂದರೆ ಮಾತ್ರ ನೋಡೋಣ ಎಂದು ಕೊನೆಗೆ ಒಪ್ಪಿದ್ದಾರೆ.

ಇಂಗ್ಲಿಷ್ ಪತ್ರಿಕೆಗೆ 50 ಪ್ರಶ್ನೆ, 60 ನಿಮಿಷ. ಮೊದಲ ಅಭ್ಯಾಸದಲ್ಲೇ ‘ಸಿನ್ಸ್ ಟೂ ಇಯರ್ಸ್’ ಎಂದು ಗುರುತು ಹಾಕಿ ಅಂಕ ಕಳೆದುಕೊಂಡೆ. ಯೋಚಿಸಿದರೆ ಕಾರಣ ಮನೆಯಲ್ಲೇ ಇತ್ತು. ಉರ್ದುವಿನಲ್ಲಿ ‘ದೋ ಸಾಲ್ ಸೆ’, ‘ಸುಬಹ್ ಸೆ’. ಕನ್ನಡದಲ್ಲಿ ‘ಎರಡು ವರ್ಷದಿಂದ’, ‘ಬೆಳಿಗ್ಗೆಯಿಂದ’. ಎರಡೂ ಕಡೆ ಒಂದೇ ಪ್ರತ್ಯಯ ಸಾಕು. ಇಂಗ್ಲಿಷ್‌ಗೆ ಸಾಲದು. ಎಷ್ಟು ಕಾಲ ಎಂದರೆ ‘ಫಾರ್’, ಯಾವಾಗಿನಿಂದ ಎಂದರೆ ‘ಸಿನ್ಸ್’: ‘ಫಾರ್ ಟೂ ಇಯರ್ಸ್’, ‘ಸಿನ್ಸ್ ಮಾರ್ನಿಂಗ್’. ಜೊತೆಗೆ ‘ಐ ಆಮ್ ಲಿವಿಂಗ್’ ಅಲ್ಲ, ‘ಐ ಹ್ಯಾವ್ ಬೀನ್ ಲಿವಿಂಗ್’. ನನ್ನ ಬೆಂಚಿನ ನಾಲ್ವರಲ್ಲಿ ಮೂವರದೂ ಇದೇ ತಪ್ಪು!

ತಪ್ಪಿಗೆ 1 ಅಂಕ ಕಳೆಯುತ್ತಾರೆಂದು 9 ಪ್ರಶ್ನೆ ಮುಟ್ಟಿರಲಿಲ್ಲ. ಅದು ಹೆದರಿಕೆಯಷ್ಟೇ, ಲೆಕ್ಕವಲ್ಲ. ಸರಿಯುತ್ತರಕ್ಕೆ 5 ಅಂಕ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಸರಿಯಾಗಿ ಹೊಡೆದುಹಾಕಿ ಊಹಿಸಿದರೆ, ನಾಲ್ಕು ಪ್ರಶ್ನೆಗೆ ಸರಾಸರಿ 10 ಬಂದು 2 ಹೋಗುತ್ತದೆ, 8 ಲಾಭ. ಕಾಮರ್ಸ್ ಓದಿ ಇದು ಹೊಳೆಯಲಿಲ್ಲವಲ್ಲ!

ಗದ್ಯಭಾಗಕ್ಕೆ ಗೈಡ್‌ಗಿಂತ ಅಬ್ಬಾ ವಾಸಿ. ರಾತ್ರಿ ಇಂಗ್ಲಿಷ್ ಪೇಪರಿನ ಒಂದು ಸುದ್ದಿ ಓದಿ, ಮಡಚಿಟ್ಟು, ಅವರಿಗೆ ಉರ್ದುವಿನಲ್ಲಿ ಹೇಳುತ್ತೇನೆ. ಬೆಳಿಗ್ಗೆಯೇ ಅವರು ಅದನ್ನು ಉರ್ದು ಪೇಪರಿನಲ್ಲಿ ಓದಿರುತ್ತಾರೆ. ನಾನು ತೇಲಿಸಿ ಹೇಳಿದ ಕಡೆಯೇ ನಿಲ್ಲಿಸಿ, “ಯಾರು ಹೇಳಿದ್ದು? ಯಾಕೆ?” ಎನ್ನುತ್ತಾರೆ. ಮತ್ತೆ ಪೇಪರ್ ಬಿಚ್ಚುತ್ತೇನೆ.