ಸ್ಥಳಾಂತರಗೊಂಡ ಕುಟುಂಬಗಳ ಅನ್ನ ಮತ್ತು ಪೋಷಣೆ

ಊರು ನೆಲೆ ಬದಲಿಸಿದಾಗ ಮನೆಯ ಗೋಡೆಗಳು ಒಂದೆರಡು ವರ್ಷಗಳಲ್ಲಿ ಏಳುತ್ತವೆ. ಆದರೆ ಆ ಮನೆಯ ಅಡಿಗೆಯು ಮೊದಲಿನ ಹದಕ್ಕೆ ಬರಲು ಬಹುಕಾಲ ಹಿಡಿಯುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಪ್ರಾಂತದ ಹಿರಿಯರಿಗೆ ಈ ಮಾತು ಹೊಸತಲ್ಲ. ಆಲಮಟ್ಟಿಯಲ್ಲಿ 1964ರಲ್ಲಿ ಅಡಿಗಲ್ಲಿಟ್ಟ ಆಣೆಕಟ್ಟಿನ ಹಿನ್ನೀರು ಕೃಷ್ಣೆಯ ದಂಡೆಯ ಅನೇಕ ಹಳ್ಳಿಗಳನ್ನೂ ಬಾಗಲಕೋಟೆ ಪಟ್ಟಣದ ಭಾಗವನ್ನೂ ಆವರಿಸಿತು. ಪಟ್ಟಣದವರಿಗೆ ನವನಗರವೂ ಹಳ್ಳಿಗರಿಗೆ ಪುನರ್ವಸತಿ ಕೇಂದ್ರಗಳೂ ನಿರ್ಮಾಣಗೊಂಡವು. 2009ರ ಮಹಾಪೂರದ ತರುವಾಯ ಮಲಪ್ರಭೆಯ ದಂಡೆಯ ಹಲವು ಊರುಗಳವರಿಗೆ ಎತ್ತರದ ನೆಲದಲ್ಲಿ ಮನೆಗಳನ್ನು ಕಟ್ಟಿಕೊಡಲಾಯಿತು. 2010ರ ಕೃಷ್ಣಾ ನ್ಯಾಯಾಧಿಕರಣದ ತೀರ್ಪು ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಸಮ್ಮತಿಸಿರುವುದರಿಂದ, ಈ ವಿಚಾರವು ಮುಂದಿನ ಕಾಲಕ್ಕೂ ಸಂಬಂಧಿಸಿದ್ದೇ ಆಗಿದೆ.

ಕೊರತೆಯ ಸ್ವರೂಪ.— ಹೊಳೆದಂಡೆಯ ಒಕ್ಕಲಿಗನ ಮನೆಯಲ್ಲಿ ಜೋಳದ ಹಗೇವು, ಅಕ್ಕಡಿ ಸಾಲಿನ ಕಾಳು, ಹೊಲದ ಬದುವಿನ ಪಲ್ಯ, ಹಟ್ಟಿಯ ಹೈನು ಇವು ಕೊಳ್ಳದೆಯೇ ದೊರೆಯುತ್ತಿದ್ದವು. ನೆಲೆ ತಪ್ಪಿದೊಡನೆ ಇವೆಲ್ಲವೂ ಸಂತೆಯ ಸರಕುಗಳಾದವು. ಪಡಿತರದ ಅಕ್ಕಿಯಿಂದ ಹೊಟ್ಟೆ ತುಂಬೀತು; ಆದರೆ ಮೈ ಬೆಳೆಯಲಿಕ್ಕೆ ಅದೊಂದೇ ಸಾಲದು. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 7–8 ಗ್ರಾಂ ಸಸಾರಜನಕವಿದ್ದರೆ, ಅಷ್ಟೇ ತೂಕದ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಇರುವುದು. ಜೋಳದ ಸಸಾರಜನಕದಲ್ಲಿ ಕೊರತೆಯಾಗುವ ಅಂಶವು ಬೇಳೆಕಾಳುಗಳಲ್ಲಿ ಧಾರಾಳವಾಗಿದೆ. ರೊಟ್ಟಿಯೊಡನೆ ಹೆಸರುಕಾಳಿನ ಪಲ್ಯವನ್ನು ಉಣ್ಣುವ ನಮ್ಮ ಸೀಮೆಯ ರೂಢಿಯು ಆದುದರಿಂದ ಶಾಸ್ತ್ರಸಮ್ಮತವಾದದ್ದು. ಕಾಳು, ಸೊಪ್ಪು, ಹಾಲು ತಪ್ಪಿದಲ್ಲಿ ಮೊದಲು ಬಳಲುವವರು ಬಸುರಿಯರು, ಬಾಣಂತಿಯರು ಹಾಗೂ ಎಳೆಯ ಮಕ್ಕಳು. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವ ಹೆಂಗಸಿಗೆ ಕೊರತೆಯ ಪಾಲೇ ಹೆಚ್ಚು ಬರುವುದೆಂಬುದನ್ನು ಯಜಮಾನರು ಗಮನಿಸತಕ್ಕದ್ದು.

ಭೂಮಿಯ ಗುಣ ಅರಿಯುವುದು.— ಆಳವಾದ ಕರಿನೆಲದಲ್ಲಿ ಗೆಯ್ದವನಿಗೆ ತೆಳುವಾದ ಮಸಾರಿಯ ಗುಣ ತಿಳಿಯದು. ಮಸಾರಿಯಲ್ಲಿ ಮುಂಗಾರಿಗೆ ಎರಡು ಸಾಲು ಸಜ್ಜೆ, ಒಂದು ಸಾಲು ತೊಗರಿ ಬಿತ್ತುವುದು ಲೇಸು; ಮಳೆ ಹಿಂದೆಗೆದರೂ ಎರಡರಲ್ಲೊಂದು ಕೈಸೇರುವುದು. ಕಲ್ಲುಮಿಶ್ರಿತ ನೆಲಕ್ಕೆ ಹುರುಳಿ ಮತ್ತು ಮಡಿಕೆ ಒಗ್ಗುತ್ತವೆ. ಆಳವಾದ ಕರಿನೆಲ ದೊರೆತವರು, ಮುಂಗಾರು ಹದವಾಗಿ ಬಿದ್ದ ವರ್ಷ ಸುಮಾರು 65–70 ದಿನಗಳಲ್ಲಿ ಬರುವ ಹೆಸರನ್ನು ತೆಗೆದುಕೊಂಡು, ಹಿಂಗಾರಿಗೆ ಜೋಳವನ್ನಾಗಲಿ ಕಡಲೆಯನ್ನಾಗಲಿ ಬಿತ್ತಬಹುದು. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕದೆ ಬಿತ್ತಿದ ಹೊಲವು ಮಳೆಯ ನೀರನ್ನೂ ಮೇಲ್ಮಣ್ಣನ್ನೂ ಒಟ್ಟಿಗೇ ಕಳೆದುಕೊಳ್ಳುವುದು.

ಕಾಳಿನ ಲೆಕ್ಕ.— ಐದು ಜನರ ಕುಟುಂಬಕ್ಕೆ ದಿನವೊಂದಕ್ಕೆ ತಲಾ 50 ಗ್ರಾಂ ಕಾಳೆಂದರೆ ವರ್ಷಕ್ಕೆ ಸುಮಾರು 91 ಕಿಲೋ ಬೇಕಾಗುವುದು. ಸಾಧಾರಣ ಮಳೆಯ ವರ್ಷ ಅರ್ಧದಿಂದ ಮುಕ್ಕಾಲು ಎಕರೆಯ ಕಾಳಿನ ಬೆಳೆಯು ಇದನ್ನು ಪೂರೈಸಬಲ್ಲದು. ಇಡೀ ಹೊಲವನ್ನು ಹಣದ ಬೆಳೆಗೆ ಬಿಡುವ ಮುನ್ನ ಇಷ್ಟನ್ನು ಮನೆಗೆಂದು ಮೀಸಲಿಡುವುದು ಜಾಣತನ. ಪರಿಹಾರದ ಹಣವು ಒಮ್ಮೆ ಕರಗಿದರೆ ಮರಳಿ ಬಾರದು. ಹೊಲದ ಕಾಳು ವರ್ಷವರ್ಷವೂ ಬರುವುದು. ಕೊಯ್ದ ಕಾಳನ್ನು ಚೆನ್ನಾಗಿ ಒಣಗಿಸಿ, ಕಿಲೋಗೆ ಒಂದು ಚಮಚದಷ್ಟು ಅಡಿಗೆಯ ಎಣ್ಣೆಯನ್ನು ಸವರಿಟ್ಟರೆ ಹುಳುವಿನ ಬಾಧೆ ಕಡಿಮೆಯಾಗುವುದು. ಮಳೆಗೆ ಸಿಕ್ಕಿ ಬೂಸಲು ಹಿಡಿದ ಜೋಳವನ್ನು ಉಣ್ಣಲಾಗದು.

ಹಿತ್ತಲು.— ಕಾಲು ಗುಂಟೆಯಷ್ಟು ಸ್ಥಳವಿದ್ದರೂ ಸಾಕು. ಗಟ್ಟಿ ನೆಲವಾದರೆ ಎರಡಡಿ ಉದ್ದ, ಅಗಲ, ಆಳದ ಕುಣಿ ತೋಡಿ ಕೆರೆಯ ಗೋಡು ಮತ್ತು ತಿಪ್ಪೆಗೊಬ್ಬರದಿಂದ ತುಂಬತಕ್ಕದ್ದು. ಒಂದು ನುಗ್ಗೆ, ಎರಡು ಪಪಾಯಿ, ಒಂದು ಕರಿಬೇವು, ಒಂದು ನಿಂಬೆ ನಟ್ಟು, ನಡುವಿನ ಮಡಿಗಳಲ್ಲಿ ರಾಜಗಿರಿ, ಮೆಂತೆ, ಪುಂಡಿ ಬಿತ್ತಬಹುದು. ಮೆಂತೆಯ ಸೊಪ್ಪು ತಿಂಗಳೊಳಗೆ ಕೈಗೆ ಬರುವುದು. ಬಚ್ಚಲ ನೀರನ್ನು ಕಾಲುವೆಯ ಮೂಲಕ ಗಿಡಗಳ ಬುಡಕ್ಕೆ ಹರಿಸಬೇಕು. ಸೊಪ್ಪಿನ ಮೇಲೆ ಸುರಿಯಬಾರದು. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಿ, ಮುಚ್ಚಿ ಬೇಯಿಸಿ, ಬೆಂದ ನೀರನ್ನು ಚೆಲ್ಲದೆ ಬಳಸಬೇಕು. ಊಟದಲ್ಲಿ ನಿಂಬೆಯ ರಸವಿದ್ದರೆ ಕಾಳು ಸೊಪ್ಪುಗಳ ಕಬ್ಬಿಣಾಂಶವು ಮೈಗೆ ಹೆಚ್ಚು ಹತ್ತುವುದು. ಊಟದೊಡನೆ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುವುದು. ಎರಡು ಆಡು, ನಾಲ್ಕಾರು ನಾಟಿ ಕೋಳಿಗಳನ್ನು ಸಾಕಿದರೆ ಮಕ್ಕಳಿಗೆ ಹಾಲು, ತತ್ತಿಗಳಿಗೆ ಆಧಾರವಾಗುವುದು.

ಹಿರಿಯರ ಕರ್ತವ್ಯ.— ಹೊಸಬರು ಬಂದಾಗ ಮೂಲ ಊರಿನವರಿಗೆ ನೀರು, ಗೋಮಾಳ, ಕೂಲಿಯ ವಿಷಯದಲ್ಲಿ ಶಂಕೆ ಹುಟ್ಟುವುದು ಸಹಜ. ಇದನ್ನು ಹಿರಿಯರು ಮೊದಲೇ ಕೂಡಿ ಪರಿಹರಿಸಬೇಕು. ಹೊಸ ಕುಟುಂಬಗಳ ಪಡಿತರ ಚೀಟಿಗಳಲ್ಲಿ ಸೊಸೆಯಂದಿರ ಮತ್ತು ಕೂಸುಗಳ ಹೆಸರು ಸೇರಿವೆಯೇ, ಬಸುರಿಯರೂ ಮಕ್ಕಳೂ ಅಂಗನವಾಡಿಯಲ್ಲಿ ದಾಖಲಾಗಿರುವರೇ ಎಂಬುದನ್ನು ವಿಚಾರಿಸುವುದು ಪಂಚಾಯತಿಯ ಮೊದಲ ಕೆಲಸ. ಭೂಮಾಲಿಕರು ಬೀಜವನ್ನು ಕಡವಾಗಿ ಕೊಟ್ಟು ಸುಗ್ಗಿಯಲ್ಲಿ ಅಷ್ಟನ್ನೇ ಮರಳಿ ಪಡೆಯಬಹುದು. ಹೆಚ್ಚಾದ ಕಣಿಕೆಯನ್ನು ಹೊಸಬರ ದನಗಳಿಗೆ ಒದಗಿಸಬಹುದು. ಬದುವಿನ ಸೊಪ್ಪು ಕೀಳುವುದಕ್ಕೆ ತಡೆಯೊಡ್ಡದಿರಬಹುದು. ಆದರೆ ಕಳೆನಾಶಕ ಇಲ್ಲವೆ ಕೀಟನಾಶಕ ಸಿಂಪಡಿಸಿದ ಹೊಲವಾದರೆ ಅದನ್ನು ಮುಂಚಿತವಾಗಿ ಸಾರಿ ಹೇಳತಕ್ಕದ್ದು. 1960ರಲ್ಲಿ ಮೈಸೂರು ಜಿಲ್ಲೆಯ ಬೈಲಕುಪ್ಪೆಗೆ ಬಂದ ಟಿಬೆಟಿನ ನಿರಾಶ್ರಿತರು ಕಾಡು ಕಡಿದ ನೆಲದಲ್ಲಿ ಮುಸುಕಿನ ಜೋಳ ಬೆಳೆದು, ಸಹಕಾರಿ ಸಂಘ ಕಟ್ಟಿಕೊಂಡು ನೆಲೆಯೂರಿದರು. ಒಗ್ಗಟ್ಟು ಇದ್ದಲ್ಲಿ ಪರಸ್ಥಳವೂ ಸ್ವಸ್ಥಳವಾಗುವುದು.

ಇನ್ನು ಮುಂದೆ ಸ್ಥಳಾಂತರಗೊಳ್ಳಬೇಕಾದ ಊರುಗಳವರು ಒಂದು ಮಾತನ್ನು ನೆನಪಿಡಬೇಕು: ಹೊಸ ನಿವೇಶನವು ಕೈಗೆ ಬಂದ ಮೊದಲ ಮಳೆಗಾಲದಲ್ಲಿಯೇ, ಮನೆಯ ಬುನಾದಿಗೂ ಮುನ್ನ, ನುಗ್ಗೆ ನಿಂಬೆಗಳನ್ನು ನಟ್ಟು ಬೇಲಿ ಹಾಕತಕ್ಕದ್ದು. ನುಗ್ಗೆಯು ಒಂದು ವರ್ಷದೊಳಗೇ ಸೊಪ್ಪು ಕೊಡುವುದು. ನಿಂಬೆಯು ಫಲಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು. ತಡಮಾಡಿದಷ್ಟು ವರ್ಷಗಳು ಮಕ್ಕಳ ಬೆಳವಣಿಗೆಯ ವರ್ಷಗಳಿಂದಲೇ ಕಳೆಯುವುವು.