ಚುಕ್ಕಿ ಕಡತಗಳು ಮತ್ತು ಅವುಗಳ ಸಾಗಣೆ

ರಾಮನಗರದ ಕಾಲೇಜೊಂದರಲ್ಲಿ ಪಾಠ ಹೇಳುವ ಅಧ್ಯಾಪಕರೊಬ್ಬರನ್ನು ಊಹಿಸಿಕೊಳ್ಳೋಣ. ಕಾಲೇಜಿನಲ್ಲಿ ಅವರಿಗೊಂದು ಗಣಕಯಂತ್ರ. ಚನ್ನಪಟ್ಟಣದ ಮನೆಯಲ್ಲಿ ಇನ್ನೊಂದು. ಕನಕಪುರಕ್ಕೋ ಮಾಗಡಿಗೋ ಹೋಗುವಾಗ ಚೀಲದಲ್ಲಿ ಮೂರನೆಯದು. ಮೂರರಲ್ಲಿಯೂ ಲಿನಕ್ಸ್ ವ್ಯವಸ್ಥೆಯೇ ಇದೆ. ಆದರೆ ಒಂದರಲ್ಲಿ ಹೊಂದಿಸಿಕೊಂಡ ಕನ್ನಡ ಅಕ್ಷರರೂಪವಾಗಲಿ, ಕೀಲಿಮಣೆಯಾಗಲಿ, ಚುಟುಕು ಆಜ್ಞೆಗಳಾಗಲಿ ಇನ್ನೊಂದರಲ್ಲಿ ದೊರೆಯವು. ಒಂದು ದಿನ ಯಂತ್ರವೇ ಕೆಟ್ಟಿತೆನ್ನಿ. ವರ್ಷಗಟ್ಟಲೆ ಕೂಡಿಸಿದ ಏರ್ಪಾಡು ಒಂದೇ ಗಳಿಗೆಯಲ್ಲಿ ಇಲ್ಲವಾಗುವುದು. ಈ ನಷ್ಟವನ್ನು ತಪ್ಪಿಸುವ ಉಪಾಯವೇನೆಂಬುದನ್ನು ಇಲ್ಲಿ ವಿಚಾರಿಸೋಣ.

ಚುಕ್ಕಿಯ ಹಿನ್ನೆಲೆ

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಯೂನಿಕ್ಸ್ ವ್ಯವಸ್ಥೆಗೆ ತಳಹದಿ ಹಾಕಿದರು. ಅದರ ಪ್ರತಿಯೊಂದು ಕಡತಕೋಶದಲ್ಲಿಯೂ ಎರಡು ವಿಶೇಷ ಹೆಸರುಗಳುಂಟು. ಒಂದು ಚುಕ್ಕಿಯೆಂದರೆ ಆ ಕೋಶವೇ. ಎರಡು ಚುಕ್ಕಿಗಳೆಂದರೆ ಅದರ ಮೇಲಿನ ಕೋಶ. ಕಡತಗಳ ಪಟ್ಟಿ ಕೊಡುವ ‘ಎಲ್‌ಎಸ್’ ಆಜ್ಞೆಯು ಇವೆರಡನ್ನು ತೋರಿಸದಿರಲೆಂದು, ಚುಕ್ಕಿಯಿಂದ ಮೊದಲಾಗುವ ಹೆಸರನ್ನು ಬಿಟ್ಟುಬಿಡುವ ಸುಲಭದ ಪರೀಕ್ಷೆಯೊಂದನ್ನು ಅದರಲ್ಲಿ ಸೇರಿಸಿದರು. ಅದರಿಂದ ಚುಕ್ಕಿಯಿಂದ ಆರಂಭವಾಗುವ ಎಲ್ಲ ಕಡತಗಳೂ ಮರೆಯಾದುವು! ಇದು ಯಾರೂ ಬಯಸಿ ಮಾಡಿದ ಏರ್ಪಾಡಲ್ಲವೆಂದು ಅದೇ ಪ್ರಯೋಗಶಾಲೆಯಲ್ಲಿದ್ದ ರಾಬ್ ಪೈಕ್ ಅವರು 2012ರಲ್ಲಿ ಬರೆದರು. ಕಾರಣವೇನೇ ಇರಲಿ, ಬಳಕೆದಾರನ ಇಷ್ಟಾನಿಷ್ಟಗಳನ್ನು ಬರೆದಿಡಲು ಈ ಮರೆ ಅನುಕೂಲವೆನಿಸಿತು. ಇಂತಹ ಕಡತಗಳನ್ನೇ ನಾವು ‘ಚುಕ್ಕಿ ಕಡತ’ಗಳೆನ್ನುತ್ತೇವೆ. ಆಜ್ಞೆಗಳನ್ನು ಸ್ವೀಕರಿಸುವ ಬ್ಯಾಶ್ ಕಾರ್ಯಕ್ರಮದ ‘.ಬ್ಯಾಶ್‌ಆರ್‌ಸಿ’ ಇವುಗಳಲ್ಲೊಂದು.

ಮೂಲ ಒಂದೇ ಕಡೆ

ಈ ಕಡತಗಳು ಮನೆಕೋಶದ ತುಂಬ ಚೆದರಿಕೊಂಡಿರುವುದೇ ತೊಡಕಿಗೆ ಕಾರಣ. ಆದುದರಿಂದ ಮೊದಲ ನಿಯಮವಿದು: ಮೂಲಗಳನ್ನೆಲ್ಲ ಒಂದೇ ಕೋಶದಲ್ಲಿ ಸಂಗ್ರಹಿಸಿ, ಅವು ಇರಬೇಕಾದ ಸ್ಥಳದಲ್ಲಿ ಕೇವಲ ‘ಕೊಂಡಿ’ಗಳನ್ನು ಇಡಬೇಕು. ಕೊಂಡಿಯೆಂದರೆ ಬೇರೊಂದು ಕಡತದ ವಿಳಾಸವನ್ನು ಹೇಳುವ ಕೈಮರ. ಬ್ಯಾಶ್ ಕಾರ್ಯಕ್ರಮವು ಕೊಂಡಿಯನ್ನು ತೆರೆದರೆ ಮೂಲವನ್ನೇ ಓದುವುದು.

ಕೊಂಡಿಗಳನ್ನು ಹೂಡಲು ‘ಸ್ಟೋ’ ಎಂಬ ಸಾಧನವುಂಟು. ಸಂಗ್ರಹದಲ್ಲಿ ಒಂದೊಂದು ಕಾರ್ಯಕ್ರಮಕ್ಕೂ ಒಂದೊಂದು ಒಳಕೋಶ ಮಾಡಿ, ಮನೆಕೋಶದಲ್ಲಿ ಹೇಗಿರಬೇಕೋ ಹಾಗೆಯೇ ಅದರಲ್ಲಿ ಕಡತಗಳನ್ನು ಜೋಡಿಸಿದರೆ, ಸ್ಟೋ ಅವಕ್ಕೆ ತಕ್ಕ ಕೊಂಡಿಗಳನ್ನು ಕಟ್ಟುವುದು. ಆ ಜಾಗದಲ್ಲಿ ಮೊದಲೇ ನಿಜವಾದ ಕಡತವಿದ್ದರೆ ಅದನ್ನು ಅಳಿಸದೆ, ಘರ್ಷಣೆಯಾಯಿತೆಂದು ತಿಳಿಸಿ ನಿಲ್ಲುವುದು. ಹೊಸ ಬಳಕೆದಾರನಿಗೆ ಸಿದ್ಧ ‘.ಬ್ಯಾಶ್‌ಆರ್‌ಸಿ’ಯನ್ನು ಅನೇಕ ಲಿನಕ್ಸ್‌ಗಳು ತಾವಾಗಿಯೇ ಕೊಡುವುದರಿಂದ ಮೊದಲ ಸಲ ಈ ಘರ್ಷಣೆ ಸಹಜ. ಆ ಕಡತದ ಹೆಸರು ಬದಲಿಸಿ ಮುಂದುವರಿಯಬಹುದು.

ಸಂಗ್ರಹವನ್ನು ಯಂತ್ರದಿಂದ ಯಂತ್ರಕ್ಕೆ ಸಾಗಿಸಲು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ‘ಗಿಟ್’ ಉತ್ತಮ ವಾಹನ. ಅದು ನಾವು ದಾಖಲಿಸಿದ ಪ್ರತಿಯೊಂದು ತಿದ್ದುಪಡಿಯ ಚರಿತ್ರೆಯನ್ನೂ ಕಾಯುವುದು. ಇಂದಿನ ಬದಲಾವಣೆ ಸರಿಬೀಳದಿದ್ದರೆ ನಿನ್ನೆಯ ಸ್ಥಿತಿಗೆ ಮರಳಬಹುದು.

ಸಾಮಾನ್ಯ, ಸ್ಥಳೀಯ

ರಾಮನಗರ, ಕನಕಪುರಗಳ ಸುತ್ತಲಿನ ರೇಷ್ಮೆ ಬೆಳೆಗಾರರಿಗೆ ಚಾಕಿ ಕೇಂದ್ರಗಳ ಪರಿಚಯವುಂಟು. ಎಳೆಯ ಹುಳುಗಳನ್ನು ಎರಡನೆಯ ಜ್ವರ ಕಳೆಯುವವರೆಗೆ ಅಲ್ಲಿ ಒಟ್ಟಾಗಿ ಸಾಕಿ, ಬಳಿಕ ಮನೆಮನೆಗೆ ಕೊಡುವರು. ಹುಳುಗಳೇನೋ ಒಂದೆಡೆಯಿಂದ ಬಂದವು. ಆದರೆ ಪ್ರತಿಯೊಂದು ಮನೆಯ ಗಾಳಿ, ತೇವ, ಶಾಖಗಳು ಬೇರೆಬೇರೆ. ಚುಕ್ಕಿ ಕಡತಗಳ ವಿಷಯದಲ್ಲಿಯೂ ಹಾಗೆಯೇ. ಎಲ್ಲ ಯಂತ್ರಗಳಿಗೂ ಸಲ್ಲುವುದು ಸಂಗ್ರಹದಲ್ಲಿರಲಿ. ಪರದೆಯ ಅಳತೆಯಂತಹ ಆಯಾ ಯಂತ್ರಕ್ಕಷ್ಟೇ ಹೊಂದುವ ಮಾತು ಪ್ರತ್ಯೇಕವಾದ ಸ್ಥಳೀಯ ಕಡತದಲ್ಲಿರಲಿ. ‘ಸ್ಥಳೀಯ ಕಡತವಿದ್ದರೆ ಅದನ್ನೂ ಓದು’ ಎಂಬ ಒಂದು ಸಾಲು ಸಾಮಾನ್ಯ ಕಡತದ ಕೊನೆಯಲ್ಲಿದ್ದರೆ ಸಾಕು.

ಸಂಗ್ರಹಕ್ಕೆ ಎಂದಿಗೂ ಸೇರಬಾರದುದು ಗುಟ್ಟು. ಗುಪ್ತಪದಗಳನ್ನೂ, ‘.ಎಸ್‌ಎಸ್‌ಎಚ್’ ಕೋಶದ ಖಾಸಗಿ ಬೀಗದಕೈಗಳನ್ನೂ ಹೊರಗಿಡಬೇಕು. ತಪ್ಪಿ ಸೇರಿಸಿ ಮರುದಿನ ಅಳಿಸಿದೆವೆಂದು ನೆಮ್ಮದಿಯಿಂದಿರುವಂತಿಲ್ಲ. ಗಿಟ್‌ನ ಚರಿತ್ರೆಯಲ್ಲಿ ಅವು ಉಳಿದಿರುತ್ತವೆ. ಸಂಗ್ರಹವನ್ನು ಹೊರಗಿನವರಿಗೆ ತೆರೆದಿದ್ದರೆ, ಆ ಬೀಗದಕೈಗಳನ್ನು ರದ್ದುಪಡಿಸಿ ಹೊಸವನ್ನು ಮಾಡಿಕೊಳ್ಳುವುದೊಂದೇ ದಾರಿ.

ಕನ್ನಡದ ಏರ್ಪಾಡು

1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಪಂಕ್ತಿ ಮೀಸಲಾಯಿತು. ಅಕ್ಷರಗಳಿಗೆ ಸ್ಥಾನವಿದ್ದರೂ ಅವು ಯಾವ ರೂಪದಲ್ಲಿ ಕಾಣಬೇಕೆಂಬುದು ಬಳಕೆದಾರನ ಆಯ್ಕೆ. ಇದನ್ನು ‘.ಕಾನ್ಫಿಗ್’ ಕೋಶದ ‘ಫಾಂಟ್‌ಕಾನ್ಫಿಗ್’ ಎಂಬ ಒಳಕೋಶದಲ್ಲಿ ಪಠ್ಯರೂಪದಲ್ಲಿ ಬರೆಯಬಹುದಾದ್ದರಿಂದ ಕೊಂಡಿಯ ಮೂಲಕ ಸುಲಭವಾಗಿ ಸಾಗಿಸಬಹುದು. ಆ ಅಕ್ಷರರೂಪವನ್ನು ಮಾತ್ರ ಹೊಸ ಯಂತ್ರದಲ್ಲಿ ಮೊದಲೇ ಸ್ಥಾಪಿಸಿರಬೇಕು.

ಕೀಲಿಮಣೆಯ ಮಾತು ಬೇರೆ. ಗ್ನೋಮ್ ಪರಿಸರದಲ್ಲಿ ಆ ಆಯ್ಕೆಯು ‘ಡಿಕಾನ್ಫ್’ ಎಂಬ ದಾಖಲೆಯಲ್ಲಿರುತ್ತದೆ. ಅದು ನಾವು ಓದಬಲ್ಲ ಪಠ್ಯವಲ್ಲ. ಅದಕ್ಕೆ ಕೊಂಡಿ ಹಾಕುವುದು ತರವಲ್ಲ. ಬೇಕಾದ ಭಾಗವನ್ನು ಡಿಕಾನ್ಫ್‌ನ ‘ಡಂಪ್’ ಆಜ್ಞೆಯಿಂದ ಪಠ್ಯವಾಗಿ ಹೊರತೆಗೆದು ಸಂಗ್ರಹದಲ್ಲಿಡಬೇಕು. ಹೊಸ ಯಂತ್ರದಲ್ಲಿ ‘ಲೋಡ್’ ಆಜ್ಞೆಯಿಂದ ತುಂಬಬೇಕು. ಇದನ್ನರಿಯದವರಿಗೆ ಉಳಿದೆಲ್ಲವೂ ಬಂದು ಕನ್ನಡದ ಕೀಲಿಮಣೆ ಮಾತ್ರ ಬಾರದಿರುವುದು ಒಗಟಾಗಿ ತೋರುವುದು.

ವಾಚಕರು ಮಾಡಿನೋಡಬಹುದಾದ ಪರೀಕ್ಷೆಯೊಂದನ್ನು ಹೇಳಿ ಮುಗಿಸುತ್ತೇವೆ. ಈಗಿರುವ ಯಂತ್ರದಲ್ಲಿಯೇ ಹೊಸ ಬಳಕೆದಾರನೊಬ್ಬನನ್ನು ಸೃಷ್ಟಿಸಿ, ಸಂಗ್ರಹದ ಪ್ರತಿಯನ್ನು ಅವನ ಮನೆಕೋಶಕ್ಕೆ ತಂದು ಕೊಂಡಿಗಳನ್ನು ಕಟ್ಟಿರಿ. ಯಾವುದು ಬರಲಿಲ್ಲವೋ ಅದನ್ನು ಗುರುತು ಹಾಕಿಕೊಂಡು ಸಂಗ್ರಹಕ್ಕೆ ಸೇರಿಸಿರಿ. ಯಂತ್ರ ಚೆನ್ನಾಗಿರುವಾಗ ತಿಳಿದ ಕೊರತೆಯನ್ನು ತುಂಬಬಹುದು. ಅದು ಕೆಟ್ಟ ಮೇಲೆ ತಿಳಿದರೆ ತುಂಬಲು ಮೂಲವೇ ಇರದು.