ಮುಂದಿನ ಸೀಟು, ಹಿಂದಿನ ಮೊಣಕಾಲು

ಮಗಳ ಬಾಣಂತನಕ್ಕೆಂದು, ಮೊಮ್ಮಗುವಿನ ಮುಖ ನೋಡಲೆಂದು ಗಲ್ಫ್ ರಾಷ್ಟ್ರಗಳಿಗೆ ಹೊರಡುವ ತಾಯಂದಿರು ನಮ್ಮಲ್ಲಿ ಅನೇಕರು. ಮಂಗಳೂರಿನಿಂದ ದುಬೈಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಮೊಣಕಾಲು ನೋವಿರುವ ಇಂಥ ಒಬ್ಬ ತಾಯಿಯ ಮುಂದೆ ಕುಳಿತವರು ಒಮ್ಮೆಲೇ ಸೀಟನ್ನು ಹಿಂದಕ್ಕೆ ಒರಗಿಸಿದರೆ ಆಕೆ ಏನು ಮಾಡುತ್ತಾರೆ? ಏನೂ ಮಾಡುವುದಿಲ್ಲ. 'ವಿಮಾನದಲ್ಲಿ ಹೀಗೇ ಇರಬೇಕು' ಎಂದುಕೊಂಡು ಕಾಲನ್ನು ಇನ್ನಷ್ಟು ಮುದುರಿಕೊಳ್ಳುತ್ತಾರೆ. ಬಾಯಿ ಬಿಟ್ಟು ಹೇಳುವವರ ಕಷ್ಟ ನಮಗೆ ತಿಳಿಯುತ್ತದೆ. ಇವರದು ತಿಳಿಯಬೇಕಾದರೆ ಗುಂಡಿ ಒತ್ತುವ ಮುನ್ನ ನಾವೇ ಹಿಂತಿರುಗಿ ನೋಡಬೇಕು.

ಸಾಮಾನ್ಯ ದರ್ಜೆಯಲ್ಲಿ ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿಗೆ ಹೆಚ್ಚಾಗಿ 28ರಿಂದ 32 ಇಂಚು. ಸೀಟಿನ ದಪ್ಪವೂ ಇದರಲ್ಲೇ ಸೇರಿತು. ಉಳಿದ ಜಾಗದಲ್ಲಿ ಕಾಲು, ಊಟದ ತಟ್ಟೆ, ಕೆಲವೊಮ್ಮೆ ಮಡಿಲಲ್ಲಿ ಮಗು!

ಒರಗುವುದೇ ತಪ್ಪೆಂದು ಭಾವಿಸಬೇಡಿ. ಬೆನ್ನು ನೋವಿನವರಿದ್ದಾರೆ, ರಾತ್ರಿಪಾಳಿ ಮುಗಿಸಿ ನೇರ ವಿಮಾನ ನಿಲ್ದಾಣಕ್ಕೆ ಬಂದವರಿದ್ದಾರೆ. ದೀಪ ಆರಿಸಿದ ಮೇಲೆ ಎಲ್ಲರೂ ಒರಗುತ್ತಾರೆ, ಯಾರೂ ಬೇಸರಿಸುವುದಿಲ್ಲ. "ಸ್ವಲ್ಪ ಹಿಂದಕ್ಕೆ ಮಾಡಲೇ?" ಎಂದು ಕೇಳಿ, ನಿಧಾನವಾಗಿ ಒರಗಿರಿ. ಊಟ ಬಂದಾಗ ನೇರ ಮಾಡಿ. ಕೊನೆಯ ಸಾಲಿನ ಸೀಟುಗಳು ಅನೇಕ ವಿಮಾನಗಳಲ್ಲಿ ಒರಗುವುದೇ ಇಲ್ಲ. ಅವರ ಮುಂದೆ ಕುಳಿತಿದ್ದರೆ ಇನ್ನಷ್ಟು ಗಮನವಿರಲಿ.

ಹಿಂದೆ ಕುಳಿತವರಿಗೂ ಕರ್ತವ್ಯವುಂಟು. ಏಳುವಾಗ ಮುಂದಿನ ಸೀಟನ್ನು ಹಿಡಿದು ಜಗ್ಗಬಾರದು, ಮಕ್ಕಳು ಅದನ್ನು ಒದೆಯುತ್ತಿದ್ದರೆ ತಡೆಯಬೇಕು. ತೊಂದರೆಯಾದರೆ ಸೀಟನ್ನು ಹಿಂದಿನಿಂದ ನೂಕದೆ ಬಾಯಲ್ಲಿ ಹೇಳಬೇಕು. ಹೆತ್ತವರನ್ನು ಕಳುಹಿಸುವ ಮಕ್ಕಳೇ, ಹೀಗೆ ಕೇಳಬಹುದೆಂದು ಅವರಿಗೆ ಮೊದಲೇ ತಿಳಿಸಿರಿ. ಸಾಧ್ಯವಾದರೆ ನಡೆದಾಡುವ ದಾರಿಯ ಪಕ್ಕದ ಸೀಟನ್ನೇ ಕಾಯ್ದಿರಿಸಿರಿ.

ಮಾತಿನಲ್ಲಿ ಮುಗಿಯಬೇಕಾದದ್ದು ಹಟಕ್ಕೆ ತಿರುಗಿದರೆ ಏನಾದೀತು? 2014ರ ಆಗಸ್ಟ್‌ನಲ್ಲಿ ಅಮೆರಿಕದ ನೆವಾರ್ಕ್‌ನಿಂದ ಡೆನ್ವರ್‌ಗೆ ಹೊರಟಿದ್ದ ವಿಮಾನದಲ್ಲಿ ಪ್ರಯಾಣಿಕರೊಬ್ಬರು ಮುಂದಿನ ಸೀಟು ಒರಗದಂತೆ ಪ್ಲಾಸ್ಟಿಕ್ ಸಾಧನವೊಂದನ್ನು ಸಿಕ್ಕಿಸಿದರು. ತೆಗೆಯಿರೆಂದು ಸಿಬ್ಬಂದಿ ಹೇಳಿದರೂ ಕೇಳಲಿಲ್ಲ. ಮುಂದಿದ್ದ ಮಹಿಳೆ ಅವರ ಮೇಲೆ ನೀರೆರಚಿದರು. ವಿಮಾನ ಶಿಕಾಗೋದಲ್ಲಿ ಇಳಿಯಿತು, ಇಬ್ಬರನ್ನೂ ಕೆಳಗಿಳಿಸಲಾಯಿತು. ಉಳಿದ ಪ್ರಯಾಣಿಕರೆಲ್ಲ ತಡವಾಗಿ ಊರು ಸೇರಬೇಕಾಯಿತು. ವಿಚಿತ್ರವೆಂದರೆ, ಅವರಿಬ್ಬರೂ ಕುಳಿತಿದ್ದದ್ದು ಕಾಲಿಗೆ ನಾಲ್ಕು ಇಂಚು ಹೆಚ್ಚು ಜಾಗವಿದ್ದ ಸೀಟುಗಳಲ್ಲಿ!

ವಿಮಾನ ಏರುವಾಗ, ಇಳಿಯುವಾಗ ಮಾತ್ರ ಸೀಟು ನೇರವಾಗಿರಲೇಬೇಕು. ಇದು ಸೌಜನ್ಯದ ವಿಷಯವಲ್ಲ, ಪ್ರಾಣದ ವಿಷಯ. ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡುಗಳಲ್ಲಿ ಎಲ್ಲರೂ ಹೊರಬರಬಹುದೆಂದು ತೋರಿಸಿದ ಮೇಲೆಯೇ ದೊಡ್ಡ ವಿಮಾನದ ಮಾದರಿಗೆ ಅನುಮತಿ ದೊರೆಯುತ್ತದೆ. ಒರಗಿಸಿದ ಸೀಟು ಹಿಂದಿನ ಸಾಲಿನವರ ದಾರಿಗೇ ಅಡ್ಡ. ಆಗ ಗಗನಸಖಿ ಬಂದು ಎಬ್ಬಿಸಿದರೆ ಮುಖ ಸಿಂಡರಿಸಬೇಡಿ.